ಎರಡನೇ ಪ್ರದೇಶದಲ್ಲಿ ಸಿಕ್ಕಿಬಿದ್ದ ಅಜ್ಜ

ಜಾಣ ಎಂದು ಒಮ್ಮೆ ಹೆಸರು ಬಂದರೆ ಅದನ್ನು ಸಾಕುವುದು ಎಮ್ಮೆ ಸಾಕುವುದಕ್ಕಿಂತ ಕಷ್ಟ. ಎಮ್ಮೆಗೆ ದಿನಕ್ಕೆ ಎರಡು ಸಲ ಮೇವು ಹಾಕಿದರೆ ಆಯಿತು, ಹೆಸರಿಗೆ ಗಂಟೆಗೊಮ್ಮೆ ಹಾಕಬೇಕು. ಮಿರಜಿನ ನಮ್ಮ ಗಲ್ಲಿಯಲ್ಲಿ ನನಗೆ ಕಂಪ್ಯೂಟರ್ ತಜ್ಞ ಎಂಬ ಹೆಸರು ಬಂದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಅಜ್ಜಿಯ ಧಾರಾವಾಹಿಯ ನಟ್ಟನಡುವೆ ಟೀವಿ ಸತ್ತುಹೋಗಿತ್ತು. ನಾನು ಪ್ಲಗ್ ಕಿತ್ತು ಮತ್ತೆ ಚುಚ್ಚಿದೆ, ಟೀವಿಗೆ ಜೀವ ಬಂತು. ಅಜ್ಜಿ ಆ ಸುದ್ದಿಯನ್ನು ಸಂಜೆಯೊಳಗೆ ಹದಿನಾಲ್ಕು ಮನೆಗೆ ಮುಟ್ಟಿಸಿದಳು. ಈಗ ನನಗೆ ಹದಿನಾರು. ಐದು ವರ್ಷಗಳಿಂದ ಆ ಒಂದು ಪ್ಲಗ್ಗಿನ ಪುಣ್ಯದ ಮೇಲೆ ಬದುಕುತ್ತಿದ್ದೇನೆ. ಯಾರಾದರೂ ಕೆಟ್ಟ ಫೋನು ತಂದರೆ ಹುಬ್ಬು ಗಂಟಿಕ್ಕಿ, "ಸೆಟ್ಟಿಂಗ್ ಹೋಗೈತ್ರಿ" ಅನ್ನುತ್ತೇನೆ. ಆಮೇಲೆ ಫೋನನ್ನು ಆರಿಸಿ ಮತ್ತೆ ಹಚ್ಚುತ್ತೇನೆ. ಹತ್ತರಲ್ಲಿ ಏಳು ಫೋನು ಸರಿಹೋಗುತ್ತವೆ. ಉಳಿದ ಮೂರಕ್ಕೆ "ಕಂಪನಿದs ತಪ್ಪೈತ್ರಿ" ಎಂದು ಹೇಳಿ ಕಳಿಸುತ್ತೇನೆ.

ಪುಣೆಯ ಕಾಕಾ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ನನಗೆ ದಾಟಿಸಿದ್ದು ಈ ಹೆಸರಿಗೆ ಕಿರೀಟ ಇಟ್ಟ ಹಾಗಾಯಿತು. ಅದರ ತೂಕ ನಮ್ಮ ರುಬ್ಬುವ ಕಲ್ಲಿಗಿಂತ ಒಂದು ಗುಲಗಂಜಿ ಕಡಿಮೆ. ಹಚ್ಚಿದರೆ ಹಿಟ್ಟಿನ ಗಿರಣಿಯ ಸದ್ದು. ಆದರೆ ಅದರ ಬದಿಯಲ್ಲಿ ಡಿಸ್ಕ್ ಹಾಕುವ ಒಂದು ಪುಟ್ಟ ಡ್ರಾವರ್ ಇದೆ. ಡಿವಿಡಿ ಪ್ಲೇಯರುಗಳೆಲ್ಲ ಗುಜರಿ ಅಂಗಡಿ ಸೇರಿದ ಮೇಲೆ ಇಡೀ ಗಲ್ಲಿಯಲ್ಲಿ ಅಂಥ ಡ್ರಾವರ್ ಇರುವುದು ನನ್ನೊಬ್ಬನ ಹತ್ತಿರ. ಸಾಂಗಲಿಯಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಅಂಗಡಿಯಿಂದ ಹೊಡೆದಾಟದ ಸಿನಿಮಾಗಳ ಹನ್ನೆರಡು ಡಿಸ್ಕ್ ತಂದಿದ್ದೆ, ಹನ್ನೆರಡೂ ಅಸಲಿ. ರವಿವಾರ ಮಧ್ಯಾಹ್ನ ಹುಡುಗರೆಲ್ಲ ನಮ್ಮ ಪಡಸಾಲೆಯ ನೆಲದ ಮೇಲೆ ಕೂರುತ್ತಿದ್ದರು. ನಾನು ಮಂಚದ ಮೇಲೆ ಕೂರುತ್ತಿದ್ದೆ. ಈ ಎತ್ತರದ ವ್ಯತ್ಯಾಸ ನನಗೆ ಬಹಳ ಮುಖ್ಯವಾಗಿತ್ತು.

ಅಸಲಿ ಡಿಸ್ಕಿನ ಗುಟ್ಟು ಏನೆಂದರೆ ಅದು ಊರು ಕೇಳುತ್ತದೆ. ಡಿಸ್ಕ್ ಮಾಡುವವರು ಭೂಮಿಯನ್ನು ಹೋಳು ಮಾಡಿ ಒಂದೊಂದಕ್ಕೆ ನಂಬರು ಕೊಟ್ಟಿದ್ದಾರೆ. ಅಮೆರಿಕ ಒಂದು, ಯೂರೋಪು ಎರಡು, ನಾವು ಐದು. ಎರಡರ ಡಿಸ್ಕ್ ಐದರ ಲ್ಯಾಪ್‌ಟಾಪಿನಲ್ಲಿ ನಡೆಯುವುದಿಲ್ಲ. ನಡೆಯಬೇಕೆಂದರೆ ಲ್ಯಾಪ್‌ಟಾಪಿನ ಪ್ರದೇಶ ಬದಲಿಸಬೇಕು. ಹಾಗೆ ಬದಲಿಸಲು ಜೀವಮಾನಕ್ಕೆ ಐದೇ ಅವಕಾಶ, ಐದನೆಯ ಸಲ ಎಲ್ಲಿ ನಿಂತಿರೋ ಕಾಯಂ ಅಲ್ಲಿಯವರೇ. ಕದ್ದು ಮಾಡಿದ ಡಿಸ್ಕಿಗೆ ಈ ಕಟ್ಟಳೆ ಇಲ್ಲ, ಅದು ಎಲ್ಲಿ ಬೇಕಾದರೂ ಓಡುತ್ತದೆ. ಪ್ರಾಮಾಣಿಕನಿಗೆ ಮಾತ್ರ ಗಡಿ. ಮಧ್ಯಾಹ್ನ ಮಂಚದ ಮೇಲೆ ಒರಗಿ ಅರೆಗಣ್ಣು ಮುಚ್ಚಿದರೆ ಆ ಡ್ರಾವರಿನೊಳಗೆ ಬೆರಳುದ್ದದ ಒಬ್ಬ ಗುಮಾಸ್ತ ಕೂತಿರುವುದು ನನಗೆ ಕಾಣುತ್ತಿತ್ತು. ಮೂಗಿನ ತುದಿಗೆ ಕನ್ನಡಕ, ಮುಂದೆ ಐದೇ ಐದು ಹಾಳೆಯ ಒಂದು ಬುಕ್ಕು. ಡಿಸ್ಕ್ ತಿರುಗುತ್ತ ಅವನ ಮುಂದೆ ಬಂದು ನಿಲ್ಲುತ್ತದೆ, ಅವನು ನಿಧಾನವಾಗಿ ತಲೆ ಎತ್ತಿ, ಯಾವ ಊರು ಎಂದು ಕೇಳುತ್ತಾನೆ. ಆ ಗುಮಾಸ್ತನನ್ನು ಒಂದು ದಿನ ನಮ್ಮ ಮನೆಯಲ್ಲಿ ಕೂರಿಸಬೇಕು. ಅಜ್ಜಿ ಒಲೆಯ ಮುಂದೆ ಕನ್ನಡ, ಬಾಗಿಲಿಗೆ ಕಾಯಿಪಲ್ಲೆಯವಳು ಬಂದರೆ ಮರಾಠಿ, ಟೀವಿಗೆ ಬೈಯುವಾಗ ಹಿಂದಿ. ಬೆಳಗಿನ ಚಹಾ ಮುಗಿಯುವುದರೊಳಗೆ ಅವನ ಬುಕ್ಕು ಖಾಲಿ. ಹರಿಪುರದಲ್ಲಿ ಕೃಷ್ಣೆಗೆ ವಾರಣಾ ನದಿ ಬಂದು ಸೇರುವುದನ್ನು ನೋಡುತ್ತ ನಾನು ಎಷ್ಟೋ ಹೊತ್ತು ಕೂತಿದ್ದೇನೆ. ನೀರು ನೀರಿಗೆ ನಂಬರು ಕೇಳಿದ್ದನ್ನು ಕಂಡಿಲ್ಲ.

ಇರಲಿ. ನನ್ನ ಐದರಲ್ಲಿ ಎರಡನ್ನು ನಾನಾಗಲೇ ಮೆರೆಯಲು ಖರ್ಚು ಮಾಡಿದ್ದೆ. ಹುಡುಗರ ಮುಂದೆ, "ನೋಡ್ರಿ, ಲ್ಯಾಪ್‌ಟಾಪ್ ಅಮೆರಿಕಕ್ಕ ಹೊಂಟ್ತು" ಎಂದು ಒಂದನೇ ಪ್ರದೇಶಕ್ಕೆ ಹಾಕಿ, "ಬಂತು ನೋಡ್ರಿ" ಎಂದು ವಾಪಸು ತಂದಿದ್ದೆ. ವೀಸಾ ಇಲ್ಲದ ಆ ಪ್ರವಾಸಕ್ಕೆ ಚಪ್ಪಾಳೆ ಬಿದ್ದಿತ್ತು. ಉಳಿದದ್ದು ಮೂರು.

ಹೀಗಿರುವಾಗ ಅಜ್ಜನ ಹೆಸರಿಗೆ ಒಂದು ಪಾರ್ಸಲ್ ಬಂತು.

ಅಜ್ಜ ಸಾಂಗಲಿಯ ಅರಿಶಿಣ ಪೇಟೆಯಲ್ಲಿ ನಲವತ್ತು ವರ್ಷ ವ್ಯಾಪಾರ ಮಾಡಿದವನು. ಅವನ ಕಾಲದಲ್ಲಿ ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಿದ್ದರು. ಒಳಗೆ ಬೆರಳು ಒತ್ತಿ ದರ ಕೇಳುವುದು, ಬೆರಳು ಒತ್ತಿ ದರ ಹೇಳುವುದು. ಸುತ್ತ ನಿಂತ ಇಪ್ಪತ್ತು ಜನಕ್ಕೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತಿತ್ತು. ಅಜ್ಜನ ಕೈಯೆಂದರೆ ಪೇಟೆಯಲ್ಲಿ ಹೆಸರು. ಕೆಲವು ವರ್ಷದ ಹಿಂದೆ ಪರದೇಶದ ಒಬ್ಬ ಹೆಂಗಸು ಮೂರು ದಿನ ಪೇಟೆಯಲ್ಲಿ ಕ್ಯಾಮೆರಾ ಹಿಡಿದು ಅಡ್ಡಾಡಿ ಅಜ್ಜನ ವ್ಯಾಪಾರದ ಚಿತ್ರ ತೆಗೆದಿದ್ದಳು. ಸಿನಿಮಾ ಆದ ಮೇಲೆ ಕಳಿಸುತ್ತೇನೆಂದು ಹೇಳಿ ಹೋಗಿದ್ದಳು. ಅವಳೇನೋ ಮಾತು ಉಳಿಸಿಕೊಂಡಳು. ಆದರೆ ಅಷ್ಟರಲ್ಲಿ ಅಜ್ಜನ ಬಲಗೈಗೆ ನಡುಕ ಬಂದಿತ್ತು. ಪೇಟೆ ಬಿಟ್ಟು ಒಂದು ವರ್ಷ. ಈಗ ಚಹಾವನ್ನು ಕಪ್ಪಿನಿಂದ ಬಶಿಗೆ ಸುರಿದುಕೊಳ್ಳುವುದಕ್ಕೂ ಅಜ್ಜಿ ಬೇಕು, ಅದೂ ಯಾರೂ ನೋಡದಿರುವಾಗ.

ಅಜ್ಜ ಪಾರ್ಸಲಿನ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. "ಸೋಮ್ಯಾ, ಇದನ್ನ ಹಚ್ಚು. ನನ್ನ ಕೈ ಹೆಂಗಿತ್ತು, ಒಂದ್ಸಲ ನೋಡಬೇಕು."

"ಎರಡು ಮಿನಿಟಿನ ಕೆಲಸ್ರಿ ಅಜ್ಜಾ," ಅಂದೆ. ಈ ಎರಡು ಮಿನಿಟು ಅನ್ನುವುದು ನನ್ನ ಬಾಯಲ್ಲಿ ತಾನಾಗಿ ಹುಟ್ಟುತ್ತದೆ.

ಡ್ರಾವರ್ ಡಿಸ್ಕನ್ನು ನುಂಗಿತು, ಗಿರಣಿ ತಿರುಗಿತು, ಪ್ರದೇಶ ಬೇರೆ ಎಂಬ ಬರಹ ಬಂತು. ಪ್ರದೇಶ ಯಾವುದೆಂದು ನೋಡಬೇಕಾಗಿತ್ತು. ಆದರೆ ತಜ್ಞನಾದವನು ನೋಡುತ್ತಾನೆಯೆ, ಅವನಿಗೆ ಗೊತ್ತಿರುತ್ತದೆ. "ಆಕಿ ಹೆಂಗಿದ್ಲ್ರಿ ಅಜ್ಜಾ?" ಎಂದು ಕೇಳಿದೆ. "ಬೆಳ್ಳಗಿದ್ಲಪಾ" ಅಂದ. ಬೆಳ್ಳಗಿದ್ದಳೆಂದರೆ ಅಮೆರಿಕ ಎಂದು ತೀರ್ಮಾನಿಸಿ ಒಂದನ್ನು ಒತ್ತಿದೆ. ಡಿಸ್ಕ್ ಒಪ್ಪಲಿಲ್ಲ. ಇನ್ನು ಎರಡೇ ಅವಕಾಶ ಎಂದು ಪರದೆ ಹೇಳಿತು.

"ಏನಂತೈತಿ?" ಎಂದು ಅಜ್ಜ ಕೇಳಿದ. ಹೇಳಿದೆ.

ಅಜ್ಜ ಮೆಲ್ಲಗೆ ನಕ್ಕ. ಒಂದು ವರ್ಷದ ಮೇಲೆ ಅವನ ಮುಖದಲ್ಲಿ ಪೇಟೆಯ ಕಳೆ ಕಂಡಿತು. "ಹುಚ್ಚಪ್ಪಾ, ಮೊದಲನೇ ಮಾತಿನ್ಯಾಗ ಯಾರರೆ ಕಡೀ ಮಾತು ಹೇಳ್ತಾರೇನು? ಎರಡು ಅಂದ್ರ ಅದರ ಹೊಟ್ಟ್ಯಾಗ ಆರು ಅದಾವು ಅಂತ ತಿಳಕೋ. ನೀ ಬ್ಯಾಡಾಗೈತಿ ಅನ್ನೋರಂಗ ಎದ್ದು ಹೊಂಡು. ತಾನs ಕರೀತದ."

"ಹೆಂಗ್ರಿ ಎದ್ದು ಹೋಗೂದು?"

"ನಮ್ಮ ಊರಿಗೆ ವಾಪಸ್ ಹಾಕಿ ಸುಮ್ನ ಕುಂದ್ರು. ಅದರ ಮಾರಿ ನೋಡಬ್ಯಾಡ."

ಯಂತ್ರಕ್ಕೆ ಚೌಕಾಶಿ ಗೊತ್ತಿಲ್ಲ ಎಂದು ಆಗಲೇ ಹೇಳಬೇಕಾಗಿತ್ತು. ಆದರೆ ನಲವತ್ತು ವರ್ಷ ಎದುರಿನವರ ಹೊಟ್ಟೆಯೊಳಗಿನ ಮಾತನ್ನು ಬೆರಳಿನಿಂದ ಓದಿದವನು ಅಷ್ಟು ಖಾತ್ರಿಯಾಗಿ ಹೇಳುವಾಗ ಪ್ಲಗ್ ಚುಚ್ಚಿ ಹೆಸರು ಪಡೆದವನ ಧೈರ್ಯ ಎಷ್ಟು? ಐದಕ್ಕೆ ವಾಪಸು ಹಾಕಿದೆ. ಇಬ್ಬರೂ ಲ್ಯಾಪ್‌ಟಾಪಿಗೆ ಬೆನ್ನು ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತ ಕೂತೆವು. ಹೊರಗೆ ಮಧ್ಯಾಹ್ನದ ಬಿಸಿಲು ಅರಿಶಿಣದ ಪುಡಿಯ ಹಾಗೆ ಗಲ್ಲಿಯ ತುಂಬ ಉದುರಿತ್ತು. ಒಂದು ಆಡು ಅದರ ನಡುವೆ ನಿದ್ದೆಯಲ್ಲಿ ನಡೆದಂತೆ ದಾಟಿಹೋಯಿತು. ಅಜ್ಜ ಬೇಕೆಂದೇ ಆಕಳಿಸಿದ, ನಾನೂ ಆಕಳಿಸಿದೆ. ಇಷ್ಟು ಅಚ್ಚುಕಟ್ಟಾದ ನಿರ್ಲಕ್ಷ್ಯವನ್ನು ನಾನು ಎಲ್ಲೂ ನೋಡಿಲ್ಲ. ಆಡು ಎರಡನೆಯ ಸಲ ದಾಟಿತು. ಲ್ಯಾಪ್‌ಟಾಪ್ ನಮ್ಮನ್ನು ಕರೆಯಲಿಲ್ಲ.

ತಿರುಗಿ ನೋಡಿದರೆ ಉಳಿದದ್ದು ಒಂದು.

"ಭಾಳ ಗಟ್ಟಿ ಗಿರಾಕಿ," ಅಂದ ಅಜ್ಜ, ಸ್ವಲ್ಪ ಗೌರವದಿಂದಲೇ.

ಆಗ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಡಿಸ್ಕಿನ ಡಬ್ಬಿ ತಿರುಗಿಸಿ ನೋಡಿದಳು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅಂಕಿ ಬರುತ್ತದೆ. "ಇಲ್ಲೆ ಒಂದು ಗುಂಡಾನ ಭೂಮಿ ಬರದು ಒಳಗ ಎರಡು ಅಂತ ಹಾಕ್ಯಾರಲ್ಲೋ. ಇದಕ್ಕೇನೂ ಸಂಬಂಧ ಇಲ್ಲೇನು?"

ತಜ್ಞನ ಕಿವಿ ಬಿಸಿಯಾಯಿತು. ಆದರೆ ಕಿವಿಗಿಂತ ದೊಡ್ಡ ಸಂಕಟ ಬೇರೆ ಇತ್ತು. ಉಳಿದ ಒಂದನ್ನು ಎರಡನೇ ಪ್ರದೇಶಕ್ಕೆ ಹಾಕಿದರೆ ಅಜ್ಜನ ಡಿಸ್ಕ್ ನಡೆಯುತ್ತದೆ, ನನ್ನ ಹನ್ನೆರಡೂ ಕಾಯಂ ಸಾಯುತ್ತವೆ. ರವಿವಾರ ಹೋಗುತ್ತದೆ, ನೆಲದ ಮೇಲಿನ ಹುಡುಗರು ಹೋಗುತ್ತಾರೆ. ಬರಿಯ ಮಂಚದ ಮೇಲೆ ನಾನೊಬ್ಬ ಯಾರಿಗಿಂತ ಎತ್ತರ ಎಂದು ಕೂರಲಿ? ಗಂಟಲು ಸರಿಮಾಡಿಕೊಂಡು, "ಆಗಂಗಿಲ್ರಿ ಅಜ್ಜಾ. ಕಂಪನಿದs ತಪ್ಪೈತಿ," ಅಂದೆ.

ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದ. ನನ್ನ ಬಲಗೈ ಎಳೆದುಕೊಂಡು ಅದರ ಮೇಲೆ ಹೊದಿಸಿದ. ಒಳಗೆ ಅವನ ಕೈ ನಡುಗುತ್ತಿತ್ತು, ಗುಬ್ಬಿಯೊಂದನ್ನು ಹಿಡಿದ ಹಾಗೆ. ನನ್ನ ಅಂಗೈ ಒದ್ದೆಯಾಗಿತ್ತು. ಅವನು ನನ್ನ ಮುಖ ನೋಡಲೇ ಇಲ್ಲ, ಮಾಡಿನ ಕಡೆ ನೋಡುತ್ತಿದ್ದ.

"ಮಾರಿ ಏನ ಬೇಕಾದ್ದು ಹೇಳ್ತದ," ಅಂದ ನಿಧಾನವಾಗಿ. "ನಿನ್ನ ಹತ್ರ ಇನ್ನಾ ಒಂದೈತಿ. ಕೊಡೂದು ಬಿಡೂದು ನಿಂದು." ನನ್ನ ತೋರುಬೆರಳನ್ನು ಹಿಡಿದು ಒಮ್ಮೆ ಒತ್ತಿದ. ಕೇಳಿದ್ದು ಅಷ್ಟೇ, ಒಂದು.

ಟವೆಲ್ಲಿನ ಕೆಳಗೆ ಸುಳ್ಳು ಹೇಳುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಬಾಯಿ ಇದ್ದಿದ್ದರೆ ಏನಾದರೂ ಉಪಾಯ ಮಾಡುತ್ತಿತ್ತು. ಬೆರಳು ಪೆದ್ದು, ತಿರುಗಿ ಅವನ ಬೆರಳನ್ನು ಒತ್ತಿಬಿಟ್ಟಿತು. ವ್ಯಾಪಾರ ಮುಗಿಯಿತು.

ಎರಡನ್ನು ಒತ್ತಿದೆ. ಇನ್ನು ಬದಲಿಸಲಾಗದು ಎಂದು ಲ್ಯಾಪ್‌ಟಾಪ್ ಎಚ್ಚರಿಸಿತು, ಹೂಂ ಅಂದೆ. ಪರದೆಯ ಮೇಲೆ ಸಾಂಗಲಿ ಬಂತು. ಚೀಲಗಳು, ಹಳದಿ ಧೂಳು, ಧೂಳಿನಲ್ಲಿ ತೇಲಿದಂತೆ ಕಾಣುವ ಜನ, ಮೇಲೆ ಆ ಹೆಂಗಸಿನ ಅರ್ಥವಾಗದ ಜೋಗುಳದಂಥ ಮಾತು. ಬಹಳ ಹೊತ್ತಿನ ಮೇಲೆ ಅಜ್ಜ ಬಂದ. ಬಂದದ್ದು ಮುಖ ಅಲ್ಲ, ಟವೆಲ್. ಪರದೆಯ ತುಂಬ ಒಂದು ಬಿಳಿ ಟವೆಲ್, ಒಳಗೆ ಏನೋ ಮಲಗಿ ಉಸಿರಾಡುತ್ತಿರುವ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ಆಮೇಲೆ ಒಂದು ಚಣ ಅಜ್ಜನ ನಗು. ಆಮೇಲೆ ಚೀಲ.

ಕೈ ಕಾಣಲೇ ಇಲ್ಲ. ನನಗೆ ಅಳು ಬಂದಂತಾಯಿತು. ನನ್ನ ಹನ್ನೆರಡು ಡಿಸ್ಕಿನ ಬಲಿ ಒಂದು ಟವೆಲ್ಲಿಗೆ ಹೋಗಿತ್ತು.

"ಕೈ ಕಾಣಲಿಲ್ಲಲ್ರಿ ಅಜ್ಜಾ," ಅಂದೆ.

ಅಜ್ಜನ ಕಣ್ಣು ಹೊಳೆಯುತ್ತಿತ್ತು. "ಕಂಡಿದ್ರ ಅದೇನು ಕೈ?" ಅಂದ. "ಮೂರು ದಿನ ಕ್ಯಾಮೆರಾ ಹಿಡದು ನಿಂತ್ಲು. ಆಕಿಗೂ ಕಾಣಲಿಲ್ಲ. ಮತ್ತೊಮ್ಮೆ ಹಚ್ಚು."

ಅಜ್ಜಿ ಚಹಾ ತಂದಳು. ಅಜ್ಜ ಪರದೆಯಿಂದ ಕಣ್ಣು ತೆಗೆಯದೆ ಬಶಿಗೆ ತಾನೇ ಸುರಿದುಕೊಂಡ. ಅರ್ಧ ಅವನ ಧೋತರಕ್ಕೆ ಹೋಯಿತು. ಅಜ್ಜಿಯೂ ನಾನೂ ಅದನ್ನು ನೋಡಲಿಲ್ಲ.

ಈಗ ನನ್ನದು ಇಡೀ ಮಿರಜಿನಲ್ಲಿ ಯೂರೋಪಿಗೆ ಸೇರಿದ ಒಂದೇ ಲ್ಯಾಪ್‌ಟಾಪ್. ಒಂದೇ ಡಿಸ್ಕ್ ನಡೆಯುತ್ತದೆ. ರವಿವಾರ ಅಜ್ಜನ ಪೇಟೆಯ ಗೆಳೆಯರು ಹೆಗಲಿಗೊಂದು ಟವೆಲ್ ಹಾಕಿಕೊಂಡು ಬಂದು ಮಂಚದ ಮೇಲೆ ಸಾಲಾಗಿ ಕೂರುತ್ತಾರೆ. ನಾನು ನೆಲದ ಮೇಲೆ ಕೂತು ಹಿಂದಕ್ಕೆ ಓಡಿಸಿ ಓಡಿಸಿ ಆ ಟವೆಲ್ ತೋರಿಸುತ್ತೇನೆ. ಆ ದಿನ ಒಳಗೆ ಯಾವ ದರ ಕೂಡಿತು ಎಂಬುದೇ ಅವರಿಗೆಲ್ಲ ಜಗಳದ ವಿಷಯ. ಅಜ್ಜ ಬಾಯಿ ಬಿಡುವುದಿಲ್ಲ. ಅಜ್ಜನೊಡನೆ ಮೂವತ್ತು ವರ್ಷ ಪೈಪೋಟಿ ಮಾಡಿದ ಶಿವಪ್ಪಕಾಕಾನಿಗೆ ಹೋದ ವಾರ ಸಹಿಸಲಾಗಲಿಲ್ಲ. ಅಜ್ಜ ಎದ್ದು ಹಿತ್ತಲಿಗೆ ಹೋದಾಗ ನನ್ನ ಕಿವಿಯ ಹತ್ತಿರ ಬಗ್ಗಿದ.

"ತಮ್ಮಾ, ನೀ ಕಂಪ್ಯೂಟರ್ ಬಲ್ಲಾಂವ. ಆ ಟವೆಲ್ ಅಷ್ಟ ಸರಸಿ, ಕೆಳಗ ಏನೈತಿ ನೋಡಾಕ ಬರ್ತೈತೇನು?"

ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿಯನ್ನೂ ತೆರೆದೆ.

"ಬರ್ತೈತ್ರಿ ಕಾಕಾ," ಅಂದಿತು ಅದು. "ಸೆಟ್ಟಿಂಗ್ ಬ್ಯಾರೆ ಐತಿ. ಎರಡು ದಿನ ಕೊಡ್ರಿ."