ಬಿಳಿ ಡ್ರೆಸ್ಸಿನ ಬಗ್ಗೆ ಜಟ್ಟನ ಅಭಿಪ್ರಾಯ

ನೌಕಾಸೇನೆ ಜಟ್ಟನ ಅಭಿಪ್ರಾಯ ಕೇಳಿತ್ತು! ತದಡಿ ಬಂದರಿನಲ್ಲಿ ಇಷ್ಟು ದೊಡ್ಡ ಯೋಗ ಇನ್ಯಾವ ಗಂಡಸಿಗೆ ಬಂದೀತು? ಅರವತ್ತನೆಯ ಇಸವಿಯ ಆಚೀಚೆ. ಪರೇಡಿಗೆ ಅಡಿಯಿಂದ ಮುಡಿಯವರೆಗೆ ಬಿಳಿಯೇ ಇರಲಿ ಎಂಬ ವಿಚಾರ ಬೊಂಬಾಯಿಯ ಮೇಲಧಿಕಾರಿಗಳಲ್ಲಿ ನಡೆದಿತ್ತು. ಹಡಗಿಗೊಬ್ಬ ನಾವಿಕನನ್ನು ಆರಿಸಿ, ಒಂದೊಂದು ಹೊಸ ಡ್ರೆಸ್ಸು ಕೊಟ್ಟು, "ರಜೆಯಲ್ಲಿ ಹಾಕಿ ನೋಡು, ಬಂದು ಅಭಿಪ್ರಾಯ ಹೇಳು" ಎಂದು ಕಳಿಸಿದ್ದರು. ಒಳ್ಳೆಯ ಮಾತಾಡಿದವನಿಗೆ ಬಡ್ತಿಯೂ ಇದೆಯೆಂಬ ಗುಸುಗುಸು ಬೇರೆ!

ಜಟ್ಟ ಆ ಡ್ರೆಸ್ಸು ತೊಟ್ಟು ದೋಣಿ ನಿಲ್ಲುವ ಧಕ್ಕೆಯ ಮೇಲೆ ಒಂದು ಸುತ್ತು ಮೆರೆದ. ಬಂಗಡೆ ಮೀನಿನ ಬುಟ್ಟಿಯೊಂದು ತಾಗಿತು. ಎದೆಯ ಮೇಲೆ ಅಂಗೈಯಗಲದ ಕಲೆ!

"ಸಾಹೇಬ್ರ ಮುಖದ ಮೇಲೇ ಹೇಳ್ತೆ!" ಎಂದು ಮನೆಗೆ ಬಂದವನೇ ಗುಡುಗಿದ. "ಸಮುದ್ರದ ಕೆಲಸದವಂಗೆ ಬಿಳಿ ಎಂತಕೆ? ಕಲೆ ಕಾಣದ ಗಟ್ಟಿ ಬಣ್ಣ ಬೇಕು!"

"ಇಲ್ಲಿ ಕೂಗಿದ್ರೆ ಬೊಂಬಾಯಿಗೆ ಕೇಳ್ತದಾ?" ಎಂದಳು ಹೆಂಡತಿ ದೇವಿ.

"ಸೈನ್ಯ ಕೇಳ್ತದೆ. ಈ ಮನೇಲಿ ಮಾತ್ರ ನನ್ನ ಅಭಿಪ್ರಾಯ ಯಾರಿಗೂ ಬೇಡ!"

ಆ ಮಾತು ದೇವಿಗೆ ನಾಟಿತು.

ಮರುದಿನ ಜಟ್ಟ ಕುಮಟೆಗೆ ಹೋಗಿ ಸಂಜೆ ಮರಳಿದ. ಅವತ್ತು ಮೀನಿನ ಬಲೆ ಬಾಳಿಕೆ ಬರಲೆಂದು ಬಣ್ಣ ಹಾಕುವ ದಿನ. ಮತ್ತಿ ಮರದ ಚಕ್ಕೆಯ ಕೆಂಪು ಕಷಾಯದಲ್ಲಿ ಮುಳುಗೆದ್ದ ಬಲೆಗಳು ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದವು. ಅವುಗಳ ನಡುವೆ, ತಲೆಕೆಳಗಾಗಿ, ಇಟ್ಟಿಗೆ ಬಣ್ಣ ತಾಳಿ ನೌಕಾಸೇನೆ ನೇತಾಡುತ್ತಿತ್ತು!

"ಇದು... ಇದು ಯಾರದ್ದೇ?"

"ನಿಮ್ದೇ. ಕಲೆ ಕಾಣದ ಗಟ್ಟಿ ಬಣ್ಣ ಬೇಕು ಅಂದ್ರಿ ಅಲ್ದಾ? ಹಂಡೆ ಕುದೀತಾ ಇತ್ತು, ಅದ್ದಿದೆ."

"ಅಯ್ಯೋ ಮಾರಾಯ್ತಿ! ಸರ್ಕಾರದ ಡ್ರೆಸ್ಸು! ಇರೂದೇ ಒಂದು! ಇದನ್ನ ಹಾಕ್ಕಂಡೇ ಸಾಹೇಬ್ರ ಮುಂದೆ ನಿಲ್ಬೇಕು!"

"ಅಭಿಪ್ರಾಯ ಕೇಳೂದಿಲ್ಲ ಅಂತ ನಿನ್ನೆ ಕೂಗಿದ್ರಿ. ಇವತ್ತು ಕೇಳಿದ್ದೇ ತಪ್ಪಾತಾ?"

ಜಟ್ಟನ ತಾಯಿ ಮಾಸ್ತಮ್ಮ ಅವನ ಬೆನ್ನು ಸವರಿ ಸಮಾಧಾನ ಹೇಳಿದಳು: "ಹೆದರಬೇಡ ಮಗಾ, ಮಳೆಗಾಲ ಕಳೆದ್ರೂ ಈ ಬಣ್ಣ ಹೋಗೂದಿಲ್ಲ!"

ಜಟ್ಟ ಜಗಲಿಯ ಮೇಲೆ ಕುಸಿದು ಕೂತ. ಬಡ್ತಿ ಹಾಳಾಗಲಿ, ಇದ್ದ ನೌಕರಿ ಉಳಿದರೆ ಸಾಕು! ಡ್ರೆಸ್ಸನ್ನು ಒಗೆಯುವ ಸೋಡಾ ಹಾಕಿ ಬೇಯಿಸಿದರು. ಕೆಂಪು ಇನ್ನಷ್ಟು ಕಡುವಾಯಿತು. ಬಟ್ಟೆಯ ನೀಲಿಯಲ್ಲಿ ಅದ್ದಿದರೆ ಬಿಳಿಯಾದೀತೆಂದು ದೇವಿಗೆ ಹೊಳೆಯಿತು. ಅದ್ದಿದಳು. ಅಲ್ಲಲ್ಲಿ ಬದನೆಕಾಯಿಯ ಬಣ್ಣ ಬಂತು!

ರಜೆ ಮುಗಿಯಿತು. ಬೊಂಬಾಯಿಯಲ್ಲಿ ಹಾಲಿನಂಥ ಬಿಳಿ ಅಂಗಿಗಳ ಸಾಲಿನಲ್ಲಿ ಜಟ್ಟನೂ ಎದೆ ಸೆಟೆಸಿ ನಿಂತ. ಸಾಲು ನೋಡುತ್ತ ಬಂದ ಸಾಹೇಬರು ಅವನೆದುರು ಗಕ್ಕನೆ ನಿಂತರು. ಮೇಲಿನಿಂದ ಕೆಳಗೆ ನೋಡಿದರು. ಕೆಳಗಿನಿಂದ ಮೇಲೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಬಿಳಿ ಡ್ರೆಸ್ಸಿನ ಬಗ್ಗೆ ನಿನ್ನ ಅಭಿಪ್ರಾಯ?"

"ಬಿಳಿಯಂಥ ಬಣ್ಣ ಲೋಕದಲ್ಲೇ ಇಲ್ಲ ಸರ್! ಬಿಳಿಯೇ ಇರಲಿ ಸರ್!" ಜಟ್ಟ ಸಲಾಮು ಹೊಡೆದ.

"ಹಾಗಾದರೆ ಇದೇನು?"

"ಇದು ನನ್ನ ಹಳೆಯ ಅಭಿಪ್ರಾಯ, ಸರ್!"