ಹತ್ತು ಬಸ್ಕಿ ಹೊಡೆದ ಹೃದ್ರೋಗಿಯ ಪೆರೋಲ್ ಕುರಿತು

ಇಂದ:
ಪುಟ್ಟಲಕ್ಷ್ಮಿ ಕೋಂ ರಂಗಪ್ಪ, ವಯಸ್ಸು ಅರವತ್ತೇಳು,
ಹಳೇ ಕ್ವಾರ್ಟರ್ಸ್ ಹಿಂಭಾಗ, ಭದ್ರಾವತಿ.

ಗೆ:
ಪೆರೋಲ್ ಅರ್ಜಿ ಪರಿಶೀಲಿಸುವ ಮಾನ್ಯ ಅಧಿಕಾರಿಗಳು,
ಶಿವಮೊಗ್ಗ.

ವಿಷಯ: ನನ್ನ ಗಂಡ ಹೇಳಿದ ಸುಳ್ಳನ್ನು ರದ್ದುಪಡಿಸಿ, ಚಿಕಿತ್ಸೆಗಾಗಿ ಮೂವತ್ತು ದಿನಗಳ ಪೆರೋಲ್ ನೀಡುವ ಬಗ್ಗೆ.

ಉಲ್ಲೇಖ: ಅರ್ಜಿ ತಿರಸ್ಕರಿಸಿದ ತಮ್ಮ ಪತ್ರ, ಕಳೆದ ಸೋಮವಾರ ಕೈಸೇರಿದ್ದು.

ಮಾನ್ಯರೇ,

೧. ಚರಂಡಿ ಜಗಳದಲ್ಲಿ ನನ್ನ ಗಂಡ ಎತ್ತಿದ ಕೈಯಿಂದ ಪಕ್ಕದ ಮನೆ ಯಜಮಾನರ ಜೀವ ಹೋಯಿತು. ಏಳು ವರ್ಷದಿಂದ ಒಳಗಿದ್ದಾರೆ. ಶಿಕ್ಷೆಯ ಬಗ್ಗೆ ತಕರಾರಿಲ್ಲ. ಆ ಮನೆಯ ಹೆಂಗಸಿನ ಮುಖ ನೋಡಲು ನನಗೆ ಇಂದಿಗೂ ಆಗುವುದಿಲ್ಲ.

೨. ಈಗ ಅವರಿಗೆ ಎಪ್ಪತ್ತೈದು. ಹೃದಯ ಕಾಲು ಭಾಗ ಮಾತ್ರ ಕೆಲಸ ಮಾಡುತ್ತಿದೆಯೆಂದು ಸ್ಕ್ಯಾನಿಂಗ್‌ನಲ್ಲಿದೆ. ಆದ್ದರಿಂದ ಪೆರೋಲ್ ಕೇಳಿದೆವು. ತಪಾಸಣೆಗೆ ಬಂದ ಡಾಕ್ಟರು ಹೇಗಿದ್ದೀರಿ ಎಂದರೆ, ಇವರು "ಫಸ್ಟ್ ಕ್ಲಾಸ್ ಸಾರ್" ಎಂದು, ಯಾರೂ ಕೇಳದಿದ್ದರೂ ಹತ್ತು ಬಸ್ಕಿ ಹೊಡೆದರಂತೆ. ಆ ಕಾರಣದಿಂದ ಅರ್ಜಿ ತಿರಸ್ಕೃತ.

೩. ಇದು ಜಂಬವಲ್ಲ, ಅಭ್ಯಾಸ. ಮೂವತ್ತೊಂದು ವರ್ಷ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದವರು. ವರ್ಷಕ್ಕೊಮ್ಮೆ ತಪಾಸಣೆಗೆ ಹೋದಾಗ, ಕೆಮ್ಮಿದರೆ ಕೆಲಸ ಹೋದೀತೆಂದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

೪. ಭೇಟಿಯ ದಿನ, ಯಾಕೆ ಹೀಗೆ ಮಾಡಿದಿರೆಂದು ಕೇಳಿದೆ.

"ಅನ್‌ಫಿಟ್ ಅಂದ್ರೆ ಮನೆಗೆ ಕಳಿಸ್ಬಿಡ್ತಾರೆ ಕಣೇ."

"ಅದಕ್ಕೇ ಅಲ್ವೇನ್ರೀ ಅರ್ಜಿ ಹಾಕಿರೋದು?"

ಅದಕ್ಕೆ ಅವರು, "ನಿನ್ನ ಮಂಡಿನೋವು ಹೆಂಗಿದೆ?" ಎಂದರು.

೫. ಸದರಿ ಪ್ರಶ್ನೆಯನ್ನು ವೈದ್ಯಕೀಯ ದಾಖಲೆಯೆಂದು ಪರಿಗಣಿಸುವುದು. ನನಗೆ ಮಂಡಿನೋವಿಲ್ಲ. ನಲವತ್ತೈದು ವರ್ಷದ ಸಂಸಾರದಲ್ಲಿ ಅವರು ತಮ್ಮ ನೋವನ್ನು ಹೇಳಿದ್ದೇ ಇಲ್ಲ. ತಡೆಯಲಾರದಷ್ಟಾದಾಗ ನನ್ನದನ್ನು ವಿಚಾರಿಸುತ್ತಾರೆ. ಮೊದಮೊದಲು ಇದು ನನಗೆ ತಿಳಿಯದೆ, ಎಷ್ಟು ಪ್ರೀತಿ ಎಂದುಕೊಂಡು ಹಿಗ್ಗುತ್ತಿದ್ದೆ. ಅಂದು ಮೂರು ಸಲ ಕೇಳಿದರು.

ಆದ್ದರಿಂದ ಮತ್ತು ಮೇಲ್ಕಂಡ ಕಾರಣಗಳಿಂದ, ತಡಮಾಡದೆ ಮರುತಪಾಸಣೆ ಮಾಡಿಸಬೇಕು. ಅವತ್ತು ಅವರನ್ನು ಏನೂ ಕೇಳಬಾರದು. ನನ್ನನ್ನು ಎದುರಿಗೆ ಕೂರಿಸಿ, ಅವರು ನನ್ನನ್ನು ಏನು ಕೇಳುತ್ತಾರೆಂದು ಡಾಕ್ಟರು ಬರೆದುಕೊಳ್ಳುವುದು.

ತಮ್ಮಲ್ಲಿ ವಿಶ್ವಾಸವಿರುವ, ಗಂಡನ ಮಾತಿನಲ್ಲಿ ಇಲ್ಲದ,
ಪುಟ್ಟಲಕ್ಷ್ಮಿ

ಲಗತ್ತುಗಳು:
೧. ಹೃದಯದ ಸ್ಕ್ಯಾನಿಂಗ್ ಪ್ರತಿ.
೨. ೧೯೮೯ರಲ್ಲಿ ಪಡೆದ ಫಿಟ್‌ನೆಸ್ ಸರ್ಟಿಫಿಕೇಟ್. (ಆ ದಿನ ಅವರಿಗೆ ನೂರಮೂರು ಡಿಗ್ರಿ ಜ್ವರವಿತ್ತು.)

ವಿ.ಸೂ.: ಪೆರೋಲ್ ಮಂಜೂರಾದರೆ ಅವರಿಗೆ "ಮನೆಗೆ ಹೋಗು" ಎನ್ನದೆ, "ಮನೆಯಲ್ಲಿ ಡ್ಯೂಟಿ ಹಾಕಿದೆ" ಎಂದು ತಿಳಿಸಬೇಕಾಗಿ ವಿನಂತಿ. ಡ್ಯೂಟಿ ತಪ್ಪಿಸಿದವರಲ್ಲ, ಬರುತ್ತಾರೆ.