ಮತ್ತೋಡಿನ ಕುರಿಗಳಿಗೆ ಸಿಕ್ಕ ಒಂದು ಉಲ್ಲೇಖ

‘ಮೌನವಾಗಿರಿ’ ಎಂಬ ಬೋರ್ಡನ್ನು ನಾನೇ ನಿಂತು ಬರೆಸಿದ್ದೆ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಒಂದು ಕಾಲೇಜಿನ ಗ್ರಂಥಪಾಲಕನಾಗಿ ಅದೇ ಬೋರ್ಡಿನ ಕೆಳಗೆ ನಾನು ಎಷ್ಟು ಸಲ ನಗು ನುಂಗಿಕೊಂಡೆನೋ! ಅದರಲ್ಲಿ ದೊಡ್ಡ ಪಾಲು ನಮ್ಮ ಪ್ರಾಣಿಶಾಸ್ತ್ರದ ಮೇಷ್ಟರದು.

೧. ಪಟ್ಟಿ

ಹೊಸದುರ್ಗದ ಕಡೆಯ ಈ ಮೇಷ್ಟರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಡಳಿತ ಮಂಡಳಿ ಷರತ್ತು ಹಾಕಿತು: ಪ್ರಕಟವಾದ ಸಂಶೋಧನೆಗಳ ಪಟ್ಟಿ ಕೊಡಬೇಕು, ಅದರಲ್ಲಿ ಒಂದನ್ನಾದರೂ ಬೇರೊಬ್ಬ ವಿದ್ವಾಂಸರು ತಮ್ಮ ಲೇಖನದಲ್ಲಿ ಉಲ್ಲೇಖಿಸಿರಬೇಕು, ಗ್ರಂಥಪಾಲಕರು ಪರಿಶೀಲಿಸಿ ಸಹಿ ಹಾಕಬೇಕು. ಇಲ್ಲವಾದರೆ ಜೂನ್‌ನಿಂದ ಮನೆಗೆ.

ಮೇಷ್ಟರು ಹದಿನಾಲ್ಕು ಬರಹಗಳ ಪಟ್ಟಿ ತಂದರು. ನಾನು ಕೆಂಪು ಪೆನ್ಸಿಲ್ ತೆಗೆದೆ.

“ಇದೇನ್ರಿ, ಹೊಳಲ್ಕೆರೆ ಮದುವೆಯ ಶುಭಾಶಯ ಪದ್ಯ?”

“ಅಚ್ಚಾಗೈತಲ್ಲ ಸಾರ್! ಐನೂರು ಪ್ರತಿ ಹಂಚಿದಾರೆ.”

ಕೊನೆಗೆ ಎರಡು ಉಳಿದವು. ಎರಡೂ ಅವರ ಕಡೆಯ ಮತ್ತೋಡು ಎಂಬ ಊರಿನ ಕುರಿಗಳ ಹೊಟ್ಟೆಹುಳದ ಮೇಲೆ. ಮೇಷ್ಟರು ನಿಟ್ಟುಸಿರುಬಿಟ್ಟರು: “ಐನೂರು ಜನ ಓದಿದ್ದನ್ನ ಹೊಡೆದುಹಾಕಿ, ಯಾರೂ ಓದದ್ದನ್ನ ಉಳಿಸಿದ್ರಲ್ಲ ಸಾರ್!”

೨. ಸಿಕ್ಕಿತು!

ಯಾರ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಸೂಚಿ ಸಂಪುಟಗಳು ನಮ್ಮಲ್ಲಿರಲಿಲ್ಲ. ಹಿರಿಯೂರಿನ ಮೇಲೆ ಹೋಗುವ ಬಸ್ಸು ಹಿಡಿದು ಇಬ್ಬರೂ ಬೆಂಗಳೂರಿನ ದೊಡ್ಡ ಗ್ರಂಥಾಲಯವೊಂದಕ್ಕೆ ಹೋದೆವು. ಇಟ್ಟಿಗೆಯಂಥ ಸಂಪುಟಗಳು, ಸಾಸಿವೆಯಂಥ ಅಕ್ಷರಗಳು. ಭೂತಗನ್ನಡಿ ಹಿಡಿದು ಕುಳಿತೆವು. ಮಧ್ಯಾಹ್ನದ ಹೊತ್ತಿಗೆ ಮೇಷ್ಟರು ಕೂಗಿಯೇಬಿಟ್ಟರು: “ಸಿಕ್ತು ಸಾರ್!”

ಅಲ್ಲಿನ ಗ್ರಂಥಪಾಲಕರು ನನ್ನತ್ತ ನೋಡಿ ತುಟಿಗೆ ಬೆರಳಿಟ್ಟರು. ಆ ಅವಮಾನ ನುಂಗಿಕೊಂಡು ಹೋಗಿ ನೋಡಿದೆ. ಮೇಷ್ಟರ ಮೊದಲ ಲೇಖನವನ್ನು ಉಲ್ಲೇಖಿಸಿದವರು ಮೇಷ್ಟರೇ, ತಮ್ಮ ಎರಡನೆಯ ಲೇಖನದಲ್ಲಿ.

“ಇದು ನಡೆಯೋದಿಲ್ಲ. ಬೇರೆಯವರು ಅಂತ ಷರತ್ತಿದೆ.”

“ನನ್ನ ಮಾತನ್ನ ನಾನೇ ನಂಬ್ಲಿಲ್ಲ ಅಂದ್ರೆ ಬೇರೆಯವರು ಹೆಂಗ್ ನಂಬ್ತಾರೆ ಸಾರ್?”

೩. ಪರದೇಶದಿಂದ

ಮರುದಿನ ಕೊನೆಯ ಸಂಪುಟದಲ್ಲಿ ಒಂದು ಸಾಲು ಸಿಕ್ಕಿತು. ಉಲ್ಲೇಖಿಸಿದವರು ಪರದೇಶದ ವಿದ್ವಾಂಸರು! ಮೇಷ್ಟರು ಅಲ್ಲೇ ಸಹಿ ಕೇಳಿದರು. ಲೇಖನವನ್ನು ಕಣ್ಣಾರೆ ನೋಡದೆ ಹಾಕುವುದಿಲ್ಲ ಎಂದೆ. ಪ್ರತಿಗಾಗಿ ಆ ವಿದ್ವಾಂಸರಿಗೇ ಕಾಗದ ಬರೆದೆ.

ಲೇಖನ ಅಂಚೆಯಲ್ಲಿ ಬಂದ ದಿನ ನಮ್ಮ ಗ್ರಂಥಾಲಯಕ್ಕೆ ಮೇಷ್ಟರ ಜೊತೆ ಮತ್ತೋಡಿನ ಕುರಿಗಾಹಿ ಯಜಮಾನರೂ ಬಂದಿದ್ದರು. ಸಂಶೋಧನೆ ನಡೆದದ್ದು ಅವರ ಮಂದೆಯಲ್ಲೇ. ತಮ್ಮ ಕುರಿಗಳ ಸುದ್ದಿ ಪರದೇಶ ಮುಟ್ಟಿದೆಯೆಂದು ಕೇಳಿ ನೋಡಲು ಬಂದಿದ್ದರು. ಮೇಷ್ಟರ ಬಗ್ಗೆ ಇದ್ದ ಸಾಲುಗಳನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ: “ಈ ಲೇಖಕರು ಬೇಸಿಗೆಯಲ್ಲಿ ಮಾತ್ರ ಕುರಿಗಳನ್ನು ಪರೀಕ್ಷಿಸಿದಂತಿದೆ. ಹುಳು ಹೆಚ್ಚುವುದು ಮಳೆಗಾಲದಲ್ಲಿ. ಇವರ ತೀರ್ಮಾನ ಪೂರ್ತಿ ತಪ್ಪು.”

“ಹೋಯ್ತು ಸಾರ್ ನನ್ನ ಕೆಲಸ,” ಎಂದು ಮೇಷ್ಟರು ಕುರ್ಚಿಯಲ್ಲಿ ಕುಸಿದರು.

ನಾನು ಷರತ್ತನ್ನು ಮತ್ತೊಮ್ಮೆ ಓದಿದೆ. ಉಲ್ಲೇಖಿಸಿರಬೇಕು ಎಂದಿತ್ತು, ಹೊಗಳಿರಬೇಕು ಎಂದು ಎಲ್ಲೂ ಇರಲಿಲ್ಲ. ‘ಉಲ್ಲೇಖ: ಒಂದು’ ಎಂದು ಬರೆದು, ಲೇಖನವನ್ನೂ ಲಗತ್ತಿಸಿ ಸಹಿ ಹಾಕಿದೆ. ಜೂನ್‌ನಲ್ಲಿ ಕೆಲಸ ಕಾಯಂ ಆಯಿತು.

ಆದರೆ ಲೇಖನ ಬಂದ ಆ ದಿನ ಬೋರ್ಡಿನ ಕೆಳಗೇ ನನ್ನನ್ನು ಜೋರಾಗಿ ನಗಿಸಿದವರು ಆ ಯಜಮಾನರು.

“ಮಳೆಗಾಲದಾಗೆ ಬರ್ರಿ ಅಂತ ನಾನು ಅವತ್ತೇ ಬಡ್ಕಂಡೆ. ಕೆಸರು ಅಂತ ಈ ಮೇಷ್ಟ್ರು ಬರ್ಲಿಲ್ಲ,” ಎಂದವರು, ಆ ಹಾಳೆಯನ್ನು ಮೆಲ್ಲಗೆ ಮುಟ್ಟಿ ಕೇಳಿದರು: “ಭಾಳ ತಿಳಿದೋರು. ಇದನ್ನ ಬರೆದ ಅಯ್ಯಂದು ಎಷ್ಟು ಕುರಿ ಅವೆ ಸಾರ್?”